ಧಾರಾವಾಹಿಯ ಆಸ್ಪತ್ರೆಯಲ್ಲಿ ಗಡಿಯಾರ ಎಲ್ಲಿದೆ?

ಪ್ರಶ್ನೆ: ನಮ್ಮ ಮಗಳು ಮುಂಬಯಿಯ ಮುನಿಸಿಪಲ್ ಆಸ್ಪತ್ರೆಯೊಂದರಲ್ಲಿ ಎರಡನೇ ವರ್ಷದ ರೆಸಿಡೆಂಟ್ ಡಾಕ್ಟರ್. ರಜೆ ಸಿಕ್ಕ ದಿನ ತಾಯಿ ಮಗಳು ಕೂತು ಆಸ್ಪತ್ರೆಯ ಧಾರಾವಾಹಿ ನೋಡುತ್ತೇವೆ. ನನಗೆ ಕೇಬಲ್ ಕಾಲದ ಅಮೆರಿಕದ ‘ಇ.ಆರ್.’, ಆಮೇಲೆ ಹಿಂದಿಯಲ್ಲಿ ಬಂದ ‘ಸಂಜೀವನಿ’ ಅಂದರೆ ಪ್ರಾಣ. ಅವಳು ಅಮೆರಿಕದ ಹೊಸ ‘ದಿ ಪಿಟ್’ ಹಾಕಿ, “ಅಮ್ಮಾ, ಇದೊಂದೇ ನಿಜ, ನಿನ್ನದೆಲ್ಲ ನಾಟಕ” ಅನ್ನುತ್ತಾಳೆ. ಹಳೆಯದನ್ನು ಈಗ ಮತ್ತೆ ನೋಡಿದರೆ ನನಗೂ ಕೆಲವು ಕಡೆ ಹಾಗೇ ಅನಿಸುತ್ತದೆ. ಆದರೂ ಕಣ್ಣು ಒದ್ದೆಯಾಗುತ್ತದೆ. ಹಾಗಾದರೆ ಆಗ ನಾನು ಅತ್ತಿದ್ದು ಸುಳ್ಳಿಗೇ? ಎರಡರಲ್ಲಿ ಯಾವುದು ಮೇಲು? ಇನ್ನೊಂದು ಸಣ್ಣ ವಿಷಯ. ಹನ್ನೊಂದು ವರ್ಷದ ಹಿಂದೆ ಒಂದು ರಾತ್ರಿ, 81 ವರ್ಷದ ನಮ್ಮ ಮಾವನವರನ್ನು ಕ್ಯಾಶುವಾಲ್ಟಿಗೆ ಒಯ್ದಾಗ ಡಾಕ್ಟರರು ಎದೆ ಒತ್ತಿದರು, ಶಾಕ್ ಕೊಡಲಿಲ್ಲ. ಮಾನಿಟರಿನಲ್ಲಿ ಗೆರೆ ನೇರವಾಗಿತ್ತು. ಶಾಕ್ ಕೊಡಿ, ಶಾಕ್ ಕೊಡಿ ಎಂದು ನಾವು ಕೂಗಿದೆವು. ಅದು ಇನ್ನೂ ಮನಸ್ಸಿನಲ್ಲಿ ಕೂತಿದೆ.
— ಡೊಂಬಿವಲಿಯ ಓದುಗರು

ಉತ್ತರ: ಕೊನೆಗೆ ‘ಸಣ್ಣ ವಿಷಯ’ ಎಂದು ಬರೆದಿದ್ದೀರಲ್ಲ ತಾಯಿ, ಅದರಿಂದಲೇ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ.

ಹೃದಯ ನಿಲ್ಲುವುದರಲ್ಲಿ ಬಗೆಗಳಿವೆ, ಇಲ್ಲಿಗೆ ಎರಡು ತಿಳಿದರೆ ಸಾಕು. ಒಂದರಲ್ಲಿ ಹೃದಯದಲ್ಲಿ ವಿದ್ಯುತ್ತು ಇರುತ್ತದೆ, ಆದರೆ ಸ್ನಾಯುವಿನ ಒಂದೊಂದು ಎಳೆಯೂ ತನ್ನ ಪಾಡಿಗೆ ತಾನು ಅದುರುತ್ತಿರುತ್ತದೆ. ಮಾನಿಟರಿನಲ್ಲಿ ಗೆರೆ ಅಡ್ಡಾದಿಡ್ಡಿ ಕುಣಿಯುತ್ತದೆ, ರಕ್ತ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಶಾಕ್ ಇರುವುದು ಇಂಥ ಹೃದಯಕ್ಕೆ. ಸಂತೆಯ ಗದ್ದಲವನ್ನು ಒಂದು ದೊಡ್ಡ ಸದ್ದು ಅಡಗಿಸುವ ಹಾಗೆ ಶಾಕ್ ಆ ಅದುರಾಟವನ್ನೆಲ್ಲ ಒಮ್ಮೆಗೇ ಅಡಗಿಸುತ್ತದೆ. ಆ ಒಂದು ಕ್ಷಣದ ಮೌನದಲ್ಲಿ ಹೃದಯ ತನ್ನ ತಾಳವನ್ನು ತಾನೇ ಹಿಡಿದೀತು ಎಂಬ ನಂಬಿಕೆ. ಇನ್ನೊಂದು ಬಗೆಯಲ್ಲಿ ಗೆರೆ ನೇರ. ಅಲ್ಲಿ ಅಡಗಿಸಲು ಗದ್ದಲವೇ ಇಲ್ಲ, ಸಂತೆ ಮುಗಿದ ಬಯಲು ಅದು. ಅಂಥ ಹೃದಯಕ್ಕೆ ಶಾಕ್ ಕೊಡುವುದಿಲ್ಲ. ಎದೆ ಒತ್ತುತ್ತಲೇ ಇರಬೇಕು, ಮೂರರಿಂದ ಐದು ನಿಮಿಷಕ್ಕೊಮ್ಮೆ ಒಂದು ಮಿಲಿಗ್ರಾಂ ಅಡ್ರಿನಲಿನ್ ಹೋಗಬೇಕು, ತಿದ್ದಬಹುದಾದ ಕಾರಣ ಏನಾದರೂ ಇದೆಯೇ ಎಂದು ಹುಡುಕಬೇಕು. ನಿಮ್ಮ ಮಾವನವರಿಗೆ ಆ ರಾತ್ರಿ ಮಾಡಿದ್ದು ಇದನ್ನೇ. ನಾನು ಮುಂಬಯಿಯ ಮುನಿಸಿಪಲ್ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಅರಿವಳಿಕೆ ವೈದ್ಯನಾಗಿದ್ದವನು, ಕ್ಯಾಶುವಾಲ್ಟಿಯಿಂದ ಕರೆ ಬಂದರೆ ಶ್ವಾಸನಾಳಕ್ಕೆ ನಳಿಗೆ ಹಾಕಲು ಓಡಿದವನು. ಅಲ್ಲಿ ನಾನಿದ್ದರೂ ಶಾಕ್ ಕೊಡುತ್ತಿರಲಿಲ್ಲ. ಅವರಿಗೆ ಸಿಗಬೇಕಾದ ಚಿಕಿತ್ಸೆ ಸಿಕ್ಕಿದೆ.

ಹಾಗಿದ್ದರೆ ‘ಶಾಕ್ ಕೊಡಿ’ ಎಂಬ ಕೂಗು ನಿಮ್ಮ ಬಾಯಿಗೆ ಎಲ್ಲಿಂದ ಬಂತು? ಟಿವಿಯಿಂದ. ನಿಮಗೊಬ್ಬರಿಗೆ ಆದದ್ದಲ್ಲ ಇದು. 1996ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಒಂದು ಅಧ್ಯಯನ ಪ್ರಕಟಿಸಿತು. ಮೂವರು ಸಂಶೋಧಕರು ಕೂತು ‘ಇ.ಆರ್.’, ‘ಚಿಕಾಗೋ ಹೋಪ್’, ‘ರೆಸ್ಕ್ಯೂ 911’ ಕಂತುಗಳನ್ನು ನೋಡಿ, ಎದೆ ಒತ್ತಿಸಿಕೊಂಡವರಲ್ಲಿ ಎಷ್ಟು ಜನ ಬದುಕಿದರು ಎಂದು ಲೆಕ್ಕ ಹಾಕಿದ್ದರು. ಪರದೆಯ ಮೇಲೆ ನೂರರಲ್ಲಿ 75 ಜನರ ಹೃದಯ ಮತ್ತೆ ಬಡಿಯಿತು. 67 ಜನ ಗುಣವಾಗಿ ಮನೆಗೆ ಹೋದಂತೆ ತೋರಿತು. ಪರದೆಯ ಆ ರೋಗಿಗಳಲ್ಲಿ ಹೆಚ್ಚಿನವರು ಮಕ್ಕಳು, ಹರೆಯದವರು. ವಾಸ್ತವದಲ್ಲಿ ಹೃದಯ ನಿಂತು ಬರುವವರು ಬಹುಪಾಲು ವಯಸ್ಸಾದವರು. ಎಲ್ಲ ಸೌಕರ್ಯ ಇರುವ ಅಮೆರಿಕದಲ್ಲೇ ಆಸ್ಪತ್ರೆಯ ಹೊರಗೆ ಹೃದಯ ನಿಂತರೆ ಬದುಕಿ ಮನೆಗೆ ಮರಳುವವರು ಹತ್ತರಲ್ಲಿ ಒಬ್ಬರು. ಗೆರೆ ನೇರವಾಗಿದ್ದವರಲ್ಲಿ ಅದಕ್ಕಿಂತಲೂ ಬಹಳ ಕಡಿಮೆ. 81 ವರ್ಷದ ಹಿರಿಯರು ಡೊಂಬಿವಲಿಯ ಮನೆಯಲ್ಲಿ ಕುಸಿದು, ರಸ್ತೆ ದಾಟಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆ ದಾರಿ ಎಷ್ಟು ಕಿರಿದಾಗಿತ್ತೆಂದು ನೀವೇ ಯೋಚಿಸಿ. ನೀವು ಇನ್ನೂ ಗಟ್ಟಿಯಾಗಿ ಕೂಗಿದ್ದರೆ, ಇನ್ನೊಂದು ಆಸ್ಪತ್ರೆಗೆ ಒಯ್ದಿದ್ದರೆ ಎಂದೆಲ್ಲ ಹನ್ನೊಂದು ವರ್ಷದಿಂದ ಹೊತ್ತುಕೊಂಡಿದ್ದನ್ನು ಇಳಿಸಿಬಿಡಿ.

ಈಗ ನಿಮ್ಮ ಮಗಳ ಮಾತಿಗೆ ಬರುತ್ತೇನೆ. ಅವಳು ‘ನಿಜ’ ಅನ್ನುವುದು ಮುಖ್ಯವಾಗಿ ಕೈಕೆಲಸವನ್ನು: ನಳಿಗೆ ಹೇಗೆ ಹಾಕುತ್ತಾರೆ, ಯಾವ ಔಷಧಿ ಎಷ್ಟು, ಎದೆ ಒತ್ತುವಾಗ ಮೊಣಕೈ ಬಾಗಿದೆಯೋ ನೇರವಿದೆಯೋ. ಆ ಲೆಕ್ಕದಲ್ಲಿ ‘ದಿ ಪಿಟ್’ ಮುಂದಿದೆ, ಅವಳ ಮಾತಿಗೆ ಎದುರಿಲ್ಲ. ಆದರೆ ಹಳೆಯ ‘ಇ.ಆರ್.’ ನೋಡಿ ಅವಳು ತಪ್ಪು ಅನ್ನುವುದರಲ್ಲಿ ಅರ್ಧದಷ್ಟು ಆಗ ತಪ್ಪಾಗಿರಲಿಲ್ಲ. ಆಗಿನ ವೈದ್ಯವೇ ಹಾಗಿತ್ತು.

ಉದಾಹರಣೆ ಕೊಡುತ್ತೇನೆ. ‘ಇ.ಆರ್.’ ಮೊದಲ ವರ್ಷಗಳಲ್ಲಿ ಇನ್ನೂರು, ಮುನ್ನೂರು, ಮುನ್ನೂರ ಅರವತ್ತು ಜೂಲ್ ಎಂದು ಬಲ ಏರಿಸುತ್ತಾ ಒಂದರ ಬೆನ್ನಿಗೊಂದು ಮೂರು ಶಾಕ್ ಕೊಡುತ್ತಾರೆ. ಅದು ಆಗಿನ ಶಾಸ್ತ್ರ. ನಾವೂ ಹಾಗೇ ಕಲಿತಿದ್ದೆವು, ಹಾಗೇ ಕೊಟ್ಟಿದ್ದೇವೆ. 2005ರ ಮಾರ್ಗಸೂಚಿ ಬಂದ ಮೇಲೆ ಅದು ಒಂದು ಶಾಕ್, ಕೂಡಲೇ ಮತ್ತೆ ಎದೆ ಒತ್ತುವುದು ಎಂದಾಯಿತು. ಹೃದಯ ನಿಂತವರಿಗೆ ಕೊಡುತ್ತಿದ್ದ ಆಟ್ರೊಪಿನ್ ಎಂಬ ಔಷಧಿ 2010ರಲ್ಲಿ ಪಟ್ಟಿಯಿಂದಲೇ ಹೊರಬಿತ್ತು. ವಿಷ ಕುಡಿದವರಿಗೆ, ಮಾತ್ರೆ ನುಂಗಿದವರಿಗೆ ಹಳೆಯ ಕಂತುಗಳಲ್ಲಿ ಹೊಟ್ಟೆ ತೊಳೆಯುವುದೇ ತೊಳೆಯುವುದು. ಎಲ್ಲರಿಗೂ ಹಾಗೆ ತೊಳೆಯಬೇಡಿ ಎಂದು ವಿಷವೈದ್ಯರ ಸಂಘಗಳು ಹೇಳಿದ್ದು 1997ರಲ್ಲಿ. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇ ನೋಡಲು ಆಗ ಸಣ್ಣ ತೂತು ಮಾಡಿ ಸಲೈನ್ ಬಿಟ್ಟು ಹೊರತೆಗೆದು ನೋಡುತ್ತಿದ್ದರು. ಈಗ ‘ದಿ ಪಿಟ್’ನಲ್ಲಿ ಸೋನೊಗ್ರಫಿಯ ಕಡ್ಡಿ ಇಟ್ಟರೆ ಮುಗಿಯಿತು. ಎಕ್ಸ್‌ರೇ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನಾಲ್ಕು ಜನ ಕತ್ತೆತ್ತಿ ನೋಡುವ ಆ ದೃಶ್ಯ ಕಂಡಾಗಲಂತೂ ನನಗೆ ನನ್ನ ಹರೆಯವೇ ಎದುರಿಗೆ ಬಂದು ನಿಂತ ಹಾಗಾಗುತ್ತದೆ. ಹಳೆಯ ಧಾರಾವಾಹಿಯನ್ನು ಹೀಗೆ ನೋಡಲು ಮಗಳಿಗೆ ಹೇಳಿ. ತಪ್ಪು ಹಿಡಿಯುವುದರ ಜೊತೆಗೆ, ಅದು ಯಾವ ವರ್ಷದವರೆಗೆ ಸರಿಯಾಗಿತ್ತು, ಯಾಕೆ ಬಿಟ್ಟರು ಎಂದೂ ಕೇಳಿಕೊಳ್ಳಲಿ. ಅವಳ ಪರೀಕ್ಷೆಗೂ ಉಪಯೋಗಕ್ಕೆ ಬಂದೀತು.

ಕೈಕೆಲಸ ಅಲ್ಲಿಗಿರಲಿ. ಧಾರಾವಾಹಿಯೊಂದು ಆಸ್ಪತ್ರೆಗೆ ನಿಷ್ಠವಾಗಿದೆಯೇ ಎಂದು ನೋಡಲು ನನ್ನ ಅಳತೆಗೋಲು ಬೇರೆ. ಅದರಲ್ಲಿ ಗಡಿಯಾರ ಹೇಗೆ ಓಡುತ್ತದೆ ಎಂದು ನೋಡುತ್ತೇನೆ. ಆಸ್ಪತ್ರೆಯಲ್ಲಿ ಇರುವುದೇ ಹೊತ್ತು. ರಕ್ತ ಬರುವ ಹೊತ್ತು, ರಿಪೋರ್ಟ್ ಬರುವ ಹೊತ್ತು, ಬೆಡ್ ಖಾಲಿಯಾಗುವ ಹೊತ್ತು, ಮುಂಬಯಿಯಲ್ಲಿ ದೊಡ್ಡ ಡಾಕ್ಟರು ಟ್ರಾಫಿಕ್ ದಾಟಿ ಬರುವ ಹೊತ್ತು. ಈ ಹೊತ್ತನ್ನು ನುಂಗಿ ಹಾಕುವ ಧಾರಾವಾಹಿಯಲ್ಲಿ ಉಪಕರಣ ಎಷ್ಟೇ ಸರಿಯಿದ್ದರೂ ಆಸ್ಪತ್ರೆ ಇರುವುದಿಲ್ಲ.

ಇದನ್ನು ಮೊದಲು ಕಣ್ಣಿಗೆ ಕಾಣುವ ಹಾಗೆ ಮಾಡಿದ್ದು ‘ದಿ ಪಿಟ್’ ಅಲ್ಲ. ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯ ಕತೆಯಾದ ‘ಮ್ಯಾಶ್’ 1972ರಿಂದ 1983ರವರೆಗೆ ನಡೆಯಿತು. ಮೂರು ವರ್ಷದ ಯುದ್ಧಕ್ಕೆ ಹನ್ನೊಂದು ವರ್ಷದ ಧಾರಾವಾಹಿ. ಅದು ಹಾಸ್ಯದ ಧಾರಾವಾಹಿ, ಹಿನ್ನೆಲೆಯಲ್ಲಿ ನಗುವಿನ ಸದ್ದು ಹಾಕುವ ಪದ್ಧತಿಯ ಕಾಲದ್ದು. ಆದರೆ ಆಪರೇಷನ್ ಥಿಯೇಟರಿನೊಳಗೆ ಹೋದರೆ ಆ ನಗು ಇಲ್ಲ. ತಯಾರಿಸಿದವರು ಅಷ್ಟನ್ನು ಹಟ ಹಿಡಿದು ಉಳಿಸಿಕೊಂಡಿದ್ದರು. 1979ರ ‘ಲೈಫ್ ಟೈಮ್’ ಎಂಬ ಕಂತಿನಲ್ಲಿ ಪರದೆಯ ಮೂಲೆಯಲ್ಲಿ ಒಂದು ಗಡಿಯಾರ ಓಡುತ್ತಿರುತ್ತದೆ. ಸೈನಿಕನೊಬ್ಬನ ಮಹಾಧಮನಿ ಹರಿದಿದೆ, ಇಪ್ಪತ್ತು ನಿಮಿಷದೊಳಗೆ ರಕ್ತದ ಹರಿವು ಸರಿಯಾಗದಿದ್ದರೆ ಬೆನ್ನುಹುರಿ ಕೆಡುತ್ತದೆ. ಸೇರಿಸಲು ಬೇಕಾದ ಧಮನಿಯ ತುಂಡು ಸಿಗಬೇಕಾದರೆ ಪಕ್ಕದಲ್ಲಿ ಸಾಯುತ್ತಿರುವ ಇನ್ನೊಬ್ಬ ಹುಡುಗ ಸಾಯಬೇಕು. ಅವನ ಪಕ್ಕದಲ್ಲಿ ಅವನ ಗೆಳೆಯ ಕೂತಿದ್ದಾನೆ. ಡಾಕ್ಟರು ಕಾಯುತ್ತಿರುವುದು ಏತಕ್ಕೆಂದು ಆ ಗೆಳೆಯನಿಗೆ ಗೊತ್ತಾಗುವ ಗಳಿಗೆ ಇದೆಯಲ್ಲ, ಅದನ್ನು ನಾನು ಎಷ್ಟು ಸಲ ನೋಡಿದರೂ ಸುಮ್ಮನೆ ಕೂರಲಾಗುವುದಿಲ್ಲ. ಉಪಕರಣ ಎಲ್ಲ ಹಳೆಯದು, ರಕ್ತ ಎಂದರೆ ಕೆಂಪು ಬಣ್ಣ ಎಂದು ಗೊತ್ತಾಗುತ್ತದೆ. ಗಡಿಯಾರ ಮಾತ್ರ ನಿಜ.

ಅದಕ್ಕೂ ಹಿಂದಿನ ‘ಡಾಕ್ಟರ್ ಕಿಲ್ಡೇರ್’, ‘ಬೆನ್ ಕೇಸಿ’ 1961ರಲ್ಲಿ ಶುರುವಾದವು. ಅವುಗಳ ಕತೆಯನ್ನು ಅಮೆರಿಕದ ವೈದ್ಯಕೀಯ ಸಂಘದ ಸಲಹಾ ಸಮಿತಿ ಓದಿ ನೋಡುತ್ತಿತ್ತು, ಹಾಗಾಗಿ ಡಾಕ್ಟರ ಕೋಟಿನ ಮೇಲೆ ಕಲೆ ಬೀಳುತ್ತಿರಲಿಲ್ಲ. ಆ ಕಲೆಯನ್ನು ತೋರಿಸಲು ಧೈರ್ಯ ಮಾಡಿದ್ದು ಬಾಸ್ಟನ್ನಿನ ಬಡ ಆಸ್ಪತ್ರೆಯೊಂದರ ಕತೆ ಹೇಳಿದ ‘ಸೇಂಟ್ ಎಲ್ಸ್‌ವೇರ್’, 1982ರಿಂದ 1988. ಅದು ನಿಮಗೆ ಸಿಕ್ಕರೆ ನೋಡಿ. ಹುಡುಕಿಕೊಂಡು ಹೋಗುವಷ್ಟು ನನಗೆ ಹತ್ತಿರವಾಗಲಿಲ್ಲ.

‘ಇ.ಆರ್.’ ಮಾತು ಬೇರೆ. ಅದರ ಕತೆಯನ್ನು ಮೊದಲು ಬರೆದ ಮೈಕಲ್ ಕ್ರೈಟನ್ ಹಾರ್ವರ್ಡಿನಲ್ಲಿ ವೈದ್ಯಕೀಯ ಓದಿದವರು. 1974ರಲ್ಲಿ ಬರೆದದ್ದು ತೆರೆಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು. 1994ರ ಸೆಪ್ಟೆಂಬರಿನಲ್ಲಿ ಶುರುವಾಗಿ 2009ರ ಏಪ್ರಿಲಿನಲ್ಲಿ ಮುಗಿಯಿತು, ಒಟ್ಟು 331 ಕಂತು. ಮೊದಲ ಕಂತಿನ ಹೆಸರೇ ‘24 ಗಂಟೆ’. ಸ್ಟ್ರೆಚರಿನ ಜೊತೆಗೇ ಕ್ಯಾಮೆರಾ ಓಡುತ್ತದೆ, ಡಾಕ್ಟರರು ಬಿಡಿಸಿ ಹೇಳುವುದಿಲ್ಲ, ನಮಗೆ ಅರ್ಥವಾಗದ ಪದಗಳನ್ನು ಎಸೆಯುತ್ತಲೇ ಇರುತ್ತಾರೆ. ಆಗ ನೀವು ಮಾರುಹೋದದ್ದು ಆ ವೇಗಕ್ಕೆ. ನಾನೂ ಹೋದೆ. ಆದರೆ ಈಗ ಮತ್ತೆ ನೋಡಿದಾಗ ನನ್ನನ್ನು ಹಿಡಿದದ್ದು ಆ ವೇಗ ನಿಂತು ಹೋಗುವ ಒಂದು ಕಂತು.

1995ರ ಮಾರ್ಚ್ 9ರಂದು ಬಂದ ‘ಲವ್ಸ್ ಲೇಬರ್ ಲಾಸ್ಟ್’. ತುಂಬು ಗರ್ಭಿಣಿಯೊಬ್ಬಳು ಗಂಡನ ಜೊತೆ ಬರುತ್ತಾಳೆ. ಡಾಕ್ಟರ್ ಗ್ರೀನ್ ಮೂತ್ರದ ಸೋಂಕು ಎಂದುಕೊಂಡು ಮನೆಗೆ ಕಳಿಸುತ್ತಾನೆ. ಇನ್ನೂ ಆಸ್ಪತ್ರೆಯ ಅಂಗಳ ದಾಟಿಲ್ಲ, ಕಾರಿನಲ್ಲೇ ಅವಳಿಗೆ ಫಿಟ್ಸ್. ಬಸುರಿನಲ್ಲಿ ರಕ್ತದೊತ್ತಡ ಏರಿ ಬರುವ ನಂಜು ಅದು. ಆಮೇಲೆ ಇಡೀ ಕಂತು ಅವಳೊಬ್ಬಳದೇ. ಹೆರಿಗೆ ತಜ್ಞರು ಬರುವುದು ತಡವಾಗುತ್ತದೆ, ಗ್ರೀನ್ ತಾನೇ ನಿಭಾಯಿಸುತ್ತೇನೆ ಎಂದು ಹೊರಡುತ್ತಾನೆ, ಒಂದೊಂದು ಹೆಜ್ಜೆಯೂ ಆಯಾ ಗಳಿಗೆಗೆ ಸರಿಯೇ ಅನಿಸುತ್ತದೆ, ಹೆಜ್ಜೆ ಹೆಜ್ಜೆಗೂ ಕೈ ಜಾರುತ್ತಾ ಹೋಗುತ್ತದೆ. ಮಗು ಉಳಿಯುತ್ತದೆ, ತಾಯಿ ಉಳಿಯುವುದಿಲ್ಲ. ಬರೆದ ಲ್ಯಾನ್ಸ್ ಜೆಂಟೈಲ್ ಸ್ವತಃ ತುರ್ತು ವಿಭಾಗದ ಡಾಕ್ಟರು. ಆ ಬರವಣಿಗೆಗೆ ಎಮ್ಮಿ ಪ್ರಶಸ್ತಿ ಬಂತು. ಡಾಕ್ಟರ ತಪ್ಪನ್ನು ಇಷ್ಟು ಹತ್ತಿರದಿಂದ, ಅವನನ್ನು ಕೆಟ್ಟವನನ್ನಾಗಿ ಮಾಡದೆ ತೋರಿಸಿದ ಇನ್ನೊಂದು ಗಂಟೆಯನ್ನು ನಾನು ಟಿವಿಯಲ್ಲಿ ಕಂಡಿಲ್ಲ. ನೀವು ಅತ್ತದ್ದು ಈ ಕಂತಿಗಾದರೆ, ಅದು ಸುಳ್ಳಿಗೆ ಸುರಿದ ಕಣ್ಣೀರಲ್ಲ.

ಅದು ಬಂದ 1995ರಲ್ಲೇ ಇನ್ನೊಂದು ಸಂಗತಿ ನಡೆಯಿತು. ನಮ್ಮ ಹೆರಿಗೆ ವಾರ್ಡುಗಳಲ್ಲಿ ನಂಜಿನ ಫಿಟ್ಸಿಗೆ ಆವರೆಗೂ ‘ಲಿಟಿಕ್ ಕಾಕ್‌ಟೇಲ್’ ಎಂಬ ಮೂರು ಔಷಧಿಗಳ ಮಿಶ್ರಣ ಬಳಕೆಯಲ್ಲಿತ್ತು; ಮದ್ರಾಸಿನ ಕೃಷ್ಣ ಮೆನನ್ ಅವರು 1960ರ ದಶಕದಲ್ಲಿ ರೂಢಿಗೆ ತಂದದ್ದು. ಡಯಾಜಿಪಾಮ್, ಫೆನಿಟೊಯಿನ್ ಕೂಡ ಕೊಡುತ್ತಿದ್ದರು. 1995ರ ಅಂತಾರಾಷ್ಟ್ರೀಯ ಅಧ್ಯಯನವೊಂದು, ಅದರಲ್ಲಿ ಭಾರತದ ಆಸ್ಪತ್ರೆಗಳೂ ಸೇರಿದ್ದವು, ಮತ್ತೆ ಫಿಟ್ಸ್ ಬಾರದಂತೆ ತಡೆಯಲು ಈ ಎರಡಕ್ಕಿಂತ ಮೆಗ್ನೀಸಿಯಮ್ ಸಲ್ಫೇಟ್ ಮೇಲು ಎಂದು ಖಚಿತ ಮಾಡಿತು. ಅಗ್ಗದ ಉಪ್ಪು ಅದು. ಇಂದು ತಾಲೂಕು ಆಸ್ಪತ್ರೆಯ ಸಿಸ್ಟರಿಗೂ ಅದರ ಲೆಕ್ಕ ಬಾಯಿಪಾಠ. ಆ ಕಂತನ್ನು ನೋಡುವಾಗಲೆಲ್ಲ ಇದು ನೆನಪಾಗುತ್ತದೆ, ಅದಕ್ಕೇ ಇಲ್ಲಿ ಬರೆದೆ.

ನಮ್ಮ ಕಡೆಯ ಧಾರಾವಾಹಿಗಳ ಬಗ್ಗೆ ನಿಮಗೆ ಬೇಸರವಾಗಬಹುದಾದ ಮಾತನ್ನೂ ಹೇಳಬೇಕು. ದೂರದರ್ಶನದ ಕಾಲದಲ್ಲಿ ವಿಜಯಾ ಮೆಹ್ತಾ ಅವರು ‘ಲೈಫ್‌ಲೈನ್’ ಮಾಡಿದಾಗ ಮುಂಬಯಿಯ ರಂಗಭೂಮಿಯ ಶಿಸ್ತು ಆಸ್ಪತ್ರೆಯೊಳಗೆ ಬಂದಿತ್ತು. 2002ರಲ್ಲಿ ‘ಸಂಜೀವನಿ’ ಬಂತು. ಅದರ ಡಾಕ್ಟರ್ ಶಶಾಂಕರನ್ನು ನೋಡಿ ಎಷ್ಟೋ ಮನೆಯ ಮಕ್ಕಳು ಡಾಕ್ಟರಾಗುತ್ತೇನೆ ಎಂದರು, ಅದು ಸಣ್ಣ ಕೆಲಸವಲ್ಲ. ಆದರೆ ಈಗ ಮತ್ತೆ ನೋಡಿ: ರೋಗಿ ಎಲ್ಲಿ? ಕಂತಿನ ಮೊದಲಿಗೆ ಬಂದು, ಜೂಹಿಗೂ ರಾಹುಲನಿಗೂ ಒಂದು ಮಾತಿನ ನೆಪ ಒದಗಿಸಿ, ಎಲ್ಲಿಗೋ ಹೋಗಿಬಿಡುತ್ತಾನೆ. ವಾರ್ಡಿನಲ್ಲಿ ಹಾಸಿಗೆಗಳು ಖಾಲಿ, ನೆಲದಲ್ಲಿ ಮುಖ ಕಾಣುತ್ತದೆ. ನಮ್ಮ ಮುನಿಸಿಪಲ್ ಆಸ್ಪತ್ರೆಗಳಲ್ಲಿ ಹಾಸಿಗೆಗಳ ನಡುವೆ ನೆಲದ ಮೇಲೂ ಗಾದಿ ಹಾಸಿ ಮಲಗಿಸುತ್ತಿದ್ದ ಕಾಲ ಅದು. 2007ರ ‘ದಿಲ್ ಮಿಲ್ ಗಯೇ’ಗೆ ಬರುವ ಹೊತ್ತಿಗೆ ಆಸ್ಪತ್ರೆ ಕಾಲೇಜಿನ ಗ್ಯಾದರಿಂಗ್ ಆಗಿಬಿಟ್ಟಿತ್ತು. ನಿಮ್ಮ ಪ್ರೀತಿಯನ್ನು ತೆಗೆದುಹಾಕಲು ಹೇಳುತ್ತಿಲ್ಲ. ‘ಸಂಜೀವನಿ’ಯನ್ನು ಒಂದು ಒಳ್ಳೆಯ ಕುಟುಂಬದ ಕತೆಯಾಗಿ ನೋಡಿ, ಅಲ್ಲಿ ಅದು ಗೆಲ್ಲುತ್ತದೆ.

‘ಮುಂಬಯಿ ಡೈರೀಸ್’ 2021ರಲ್ಲಿ ಬಂದಾಗ ನನಗೆ ದೊಡ್ಡ ಆಸೆಯಿತ್ತು. 2008ರ ನವೆಂಬರ್ 26ರ ದಾಳಿಯ ರಾತ್ರಿ, ನಮ್ಮದೇ ಊರು, ಸರಕಾರಿ ಆಸ್ಪತ್ರೆ. ಗೋಡೆಯ ಸುಣ್ಣ, ತುಕ್ಕು ಹಿಡಿದ ಟ್ರಾಲಿ, ಮುಗಿದುಹೋದ ಸಾಮಾನಿನ ಪಟ್ಟಿ, ಎಲ್ಲ ಸರಿ ಹಿಡಿದಿದ್ದಾರೆ. ಆದರೆ ಹಿನ್ನೆಲೆಯ ಸಂಗೀತ ನಮಗೆ ಒಂದು ನಿಮಿಷ ಸುಮ್ಮನಿರಲು ಬಿಡುವುದಿಲ್ಲ, ಒಬ್ಬನೇ ಸರ್ಜನ್ ಎಲ್ಲವನ್ನೂ ಮಾಡುತ್ತಾನೆ. ಆ ರಾತ್ರಿ ನಿಜವಾಗಿ ಕಾಮಾ ಆಸ್ಪತ್ರೆಯಲ್ಲಿ ನಡೆದದ್ದು ಏನು? ಅಂಜಲಿ ಕುಲ್ಥೆ ಎಂಬ ನರ್ಸ್ ಇಪ್ಪತ್ತು ಗರ್ಭಿಣಿಯರನ್ನು ಒಂದು ಸಣ್ಣ ಕೋಣೆಗೆ ಸರಿಸಿ ಬಾಗಿಲು ಹಾಕಿಕೊಂಡರು. ಹೊರಗೆ ಗುಂಡಿನ ಸದ್ದು, ಒಳಗೆ ಕತ್ತಲೆ, ಗಂಟೆಗಟ್ಟಲೆ. ಆಮೇಲೆ ಕೋರ್ಟಿನಲ್ಲಿ ಸಾಕ್ಷಿ ಹೇಳಿದರು. ಅಲ್ಲಿ ಯಾರೂ ಓಡುವುದಿಲ್ಲ, ಯಾರೂ ಭಾಷಣ ಮಾಡುವುದಿಲ್ಲ, ಉಸಿರು ಬಿಗಿಹಿಡಿದು ಕಾಯುತ್ತಾರೆ. ಆ ಕಾಯುವಿಕೆಯನ್ನೇ ಪೂರ್ತಿ ಒಂದು ಕಂತಾಗಿ ಮಾಡುವವರಿಗಾಗಿ ನಾನಿನ್ನೂ ಕಾಯುತ್ತಿದ್ದೇನೆ.

ನರ್ಸುಗಳ ಮಾತು ಬಂತು. ಇದು ನನಗೆ ಎದೆಗೆ ಹತ್ತಿರದ ವಿಷಯ. 2004ರಲ್ಲಿ ಶುರುವಾದ ‘ಹೌಸ್’ನಲ್ಲಿ ಡಾಕ್ಟರರೇ ರಕ್ತ ತೆಗೆಯುತ್ತಾರೆ, ಡಾಕ್ಟರರೇ ಲ್ಯಾಬಿನಲ್ಲಿ ಕೂರುತ್ತಾರೆ, ಡಾಕ್ಟರರೇ ಎಮ್‌ಆರ್‌ಐ ಯಂತ್ರ ನಡೆಸುತ್ತಾರೆ. 2005ರಿಂದ ಇಂದಿನವರೆಗೂ ನಡೆಯುತ್ತಿರುವ ‘ಗ್ರೇಸ್ ಅನಾಟಮಿ’ಯಲ್ಲಿ ನರ್ಸುಗಳು ಗೋಡೆಯ ಬಣ್ಣದ ಹಾಗೆ. ‘ಇ.ಆರ್.’ನಲ್ಲಿ ಕ್ಯಾರಲ್ ಹ್ಯಾಥವೇ ಎಂಬ ಒಬ್ಬ ನರ್ಸ್ ಕತೆಯ ನಡುವೆ ನಿಂತಿದ್ದಳು, ಅದು ಆ ಧಾರಾವಾಹಿಯ ಬೆನ್ನೆಲುಬು. ‘ದಿ ಪಿಟ್’ನಲ್ಲಿ ಪಾಳಿಯ ನರ್ಸುಗಳ ಮುಖ್ಯಸ್ಥೆ, ಚಾರ್ಜ್ ನರ್ಸ್ ಡೇನಾ ಇದ್ದಾಳೆ, ಯಾವ ರೋಗಿ ಯಾವ ಹಾಸಿಗೆಗೆ, ಯಾವ ಡಾಕ್ಟರು ಎಲ್ಲಿ ಕುಸಿಯುತ್ತಿದ್ದಾನೆ, ಎಲ್ಲ ಅವಳ ಕಣ್ಣಲ್ಲಿ. ಫಿಲಿಪೀನ್ಸ್ ಮೂಲದ ಇಬ್ಬರು ನರ್ಸುಗಳು ತಮ್ಮ ತಗಾಲಾಗ್ ಭಾಷೆಯಲ್ಲಿ ಡಾಕ್ಟರರ ಬಗ್ಗೆ ಮಾತಾಡಿಕೊಳ್ಳುವುದನ್ನು ನೋಡಿ ನನಗೆ ನಮ್ಮ ವಾರ್ಡೇ ಕಣ್ಣೆದುರು ಬಂತು: ಮಲಯಾಳಿ ಸಿಸ್ಟರುಗಳು, ಮಂಗಳೂರಿನ ಸಿಸ್ಟರುಗಳು, ಆಯಾ ಕೆಲಸದ ಮರಾಠಿ ಮಾವಶಿಯರು.

ಒಂದು ಮಳೆಗಾಲದ ರಾತ್ರಿ ಅಂಥ ಒಬ್ಬ ಸಿಸ್ಟರೇ ನನ್ನನ್ನು ಆಪರೇಷನ್ ಥಿಯೇಟರಿನಿಂದ ಕರೆಸಿದ್ದರು. ಮಾಟುಂಗದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಕುಂದಾಪುರ ಕಡೆಯ ಹುಡುಗ, ಕಾದ ಎಣ್ಣೆ ತೋಳಿನಿಂದ ಎದೆಯವರೆಗೆ ಬಿದ್ದಿದೆ. ಊರಿನಿಂದ ಬಂದು ತಿಂಗಳಾಗಿಲ್ಲ, ಹಿಂದಿ ಬಾರದು, ಏನು ಕೇಳಿದರೂ ತಲೆ ಅಲ್ಲಾಡಿಸುತ್ತಾನೆ. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ಅವನು ಹೇಳಿದ ಮೊದಲ ಮಾತು, “ಡಾಕ್ಟ್ರೇ, ಮನೆಗೆ ತಿಳಿಸ್ಬೇಡಿ, ಅಮ್ಮ ಹೆದರ್ತಾರೆ.” ನೋವಿನ ಮಾತೇ ಇಲ್ಲ. ಆಗ ನಮ್ಮಲ್ಲಿ ತುರ್ತು ವೈದ್ಯ ಎಂಬ ಪ್ರತ್ಯೇಕ ವಿಭಾಗವೇ ಇರಲಿಲ್ಲ. ಭಾರತದ ವೈದ್ಯಕೀಯ ಪರಿಷತ್ತು ಅದನ್ನು ಬೇರೆ ಶಾಖೆಯಾಗಿ ಒಪ್ಪಿದ್ದು 2009ರಲ್ಲಿ, ಅಂದರೆ ‘ಇ.ಆರ್.’ ಮುಗಿದ ವರ್ಷ. ಕ್ಯಾಶುವಾಲ್ಟಿಯಲ್ಲಿ ಒಬ್ಬ ಮೆಡಿಕಲ್ ಆಫೀಸರ್ ಕೇಸ್ ಪೇಪರ್ ಬರೆದು ಸರ್ಜರಿಗೆ, ಮೆಡಿಸಿನ್‌ಗೆ, ಆರ್ಥೋಗೆ ಕಾಲ್ ಕಳಿಸುವುದು, ಅವರು ಬರುವವರೆಗೆ ಕಾಯುವುದು. ಹೊರಗೆ ಆ ಹುಡುಗನ ಹೋಟೆಲಿನ ಐದಾರು ಜನ ಒದ್ದೆ ಬಟ್ಟೆಯಲ್ಲಿ ನಿಂತಿದ್ದರು. ರಾತ್ರಿಯಿಡೀ ಮೆಡಿಕಲ್ ಸ್ಟೋರಿಗೆ, ರಕ್ತದ ಬ್ಯಾಂಕಿಗೆ, ಎಕ್ಸ್‌ರೇಗೆ ಓಡಿದವರು ಅವರು. ನಮ್ಮ ಆಸ್ಪತ್ರೆಗಳಲ್ಲಿ ಅರ್ಧ ಕೆಲಸ ನಡೆಯುವುದು ಹೀಗೆ ಬಾಗಿಲಲ್ಲಿ ನಿಂತವರಿಂದ. ನಾನು ನೋಡಿದ ಯಾವ ಧಾರಾವಾಹಿಯೂ, ಹಳೆಯದಾಗಲಿ ಹೊಸದಾಗಲಿ, ಅವರನ್ನು ಪಾತ್ರವಾಗಿ ಕಂಡಿಲ್ಲ.

ಹತ್ತಿರ ಬಂದದ್ದು ‘ದಿ ಪಿಟ್’. 2025ರ ಜನವರಿಯಲ್ಲಿ ಶುರುವಾದ ಅದರ ಮೊದಲ ಸರಣಿಯಲ್ಲಿ 15 ಕಂತು, ಒಂದು ಕಂತಿಗೆ ಒಂದು ಗಂಟೆ, ಬೆಳಗ್ಗೆ ಏಳರಿಂದ ಒಂದೇ ದಿನದ ಡ್ಯೂಟಿ. ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಕಾಯುವ ಕೋಣೆಯೂ ಒಂದು ಪಾತ್ರ. ಬೆಳಗ್ಗೆ ಎದೆನೋವೆಂದು ಬಂದು ಕೂತವನು ಹಲವು ಕಂತುಗಳ ನಂತರವೂ ಅಲ್ಲೇ ಕೂತಿರುತ್ತಾನೆ, ಅವನ ಸಿಟ್ಟು ಗಂಟೆಗಂಟೆಗೆ ಏರುತ್ತದೆ, ಕೊನೆಗೆ ಅವನ ಕೈ ಡೇನಾಳ ಮುಖದ ಮೇಲೆ ಬೀಳುತ್ತದೆ. ಮಹಾರಾಷ್ಟ್ರದಲ್ಲಿ ಡಾಕ್ಟರು ನರ್ಸುಗಳ ಮೇಲಿನ ಹಲ್ಲೆಯ ವಿರುದ್ಧ 2010ರಿಂದ ಕಾನೂನಿದೆ. ಆದರೂ ನಿಮ್ಮ ಮಗಳು ರಾತ್ರಿ ಡ್ಯೂಟಿಗೆ ಹೋಗುವಾಗ ನಿಮ್ಮ ಹೊಟ್ಟೆಯಲ್ಲಿ ಆಗುವ ಸಂಕಟವನ್ನು ನಾನು ಬಲ್ಲೆ. ಆ ಹೊಡೆತ ಬೀಳುವ ಮೊದಲು ಅಷ್ಟು ಗಂಟೆ ಕಾಯಿಸಿದ್ದರಿಂದಲೇ ಅದು ನಮಗೆ ಅರ್ಥವಾಗುತ್ತದೆ, ಕ್ಷಮಿಸಲು ಮಾತ್ರ ಆಗುವುದಿಲ್ಲ.

ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನೋಡುವವರಿಗೆ ಮಾತ್ರ ಸಿಗುವ ಒಂದು ಸುಖ ಇಲ್ಲಿದೆ. 1994ರಲ್ಲಿ ‘ಇ.ಆರ್.’ಗೆ ಮೊದಲ ದಿನ ಬಿಳಿ ಕೋಟು ಹಾಕಿಕೊಂಡು, ಎತ್ತ ಹೋಗಬೇಕೆಂದು ತಿಳಿಯದೆ ನಿಂತ ವಿದ್ಯಾರ್ಥಿ ಕಾರ್ಟರ್. ‘ದಿ ಪಿಟ್’ನಲ್ಲಿ ಗಡ್ಡ ನೆರೆತ ಹಿರಿಯ ಡಾಕ್ಟರ್ ರಾಬಿ. ಇಬ್ಬರೂ ನೋವಾ ವೈಲ್. ಪಾತ್ರ ಬೇರೆ, ಮುಖ ಅದೇ. ಎರಡಕ್ಕೂ ಕತೆ ಬರೆದವರಲ್ಲಿ ಜೋ ಸ್ಯಾಕ್ಸ್ ಎಂಬ ತುರ್ತು ವೈದ್ಯರಿದ್ದಾರೆ. ಕೋವಿಡ್ ಕಾಲದಲ್ಲಿ ತನ್ನ ಗುರುವನ್ನು ಕಳೆದುಕೊಂಡ ನೆನಪಿನಲ್ಲಿ ರಾಬಿ ನೆಲಕ್ಕೆ ಕುಸಿದು ಕೂರುವಾಗ, ಕಾರ್ಟರನನ್ನು ಬಲ್ಲ ನಿಮಗೆ ಆಗುವುದು ಮಗಳಿಗೆ ಆಗಲಾರದು. ಅವಳಿಗೆ ಅದು ಒಬ್ಬ ದಣಿದ ಡಾಕ್ಟರು. ನಿಮಗೆ ಕಣ್ಣೆದುರೇ ಮೂವತ್ತು ವರ್ಷ ದುಡಿದ ಹುಡುಗ. ಇದನ್ನು ಅವಳಿಗೆ ಕೊಡಬಲ್ಲವರು ನೀವು.

ಇನ್ನೊಂದು ಕತೆ ಮೊದಲ ನಾಲ್ಕು ಕಂತುಗಳಲ್ಲಿದೆ, ನಿಮಗಾಗಿಯೇ ಇದನ್ನು ಉಳಿಸಿಕೊಂಡಿದ್ದೆ. ಸ್ಪೆನ್ಸರ್ ಎಂಬ ಮುದುಕರು ಉಸಿರಾಟದ ತೊಂದರೆಯಿಂದ ಬರುತ್ತಾರೆ. ತನಗೆ ನಳಿಗೆ ಹಾಕಬೇಡಿ ಎಂದು ಮೊದಲೇ ಬರೆದಿಟ್ಟಿದ್ದಾರೆ. ಮಗ ಮಗಳಿಗೆ ಬಿಡಲಾಗುವುದಿಲ್ಲ, ಹಾಕಿ ಅನ್ನುತ್ತಾರೆ. ಹಾಕುತ್ತಾರೆ. ಆಮೇಲೆ ಗಂಟೆಗಳು ಕಳೆಯುತ್ತವೆ, ಮಕ್ಕಳು ನಿಧಾನವಾಗಿ ಒಪ್ಪುತ್ತಾರೆ, ನಳಿಗೆ ತೆಗೆಯುತ್ತಾರೆ. ರಾಬಿ ಅವರಿಗೆ ಹೇಳಿಕೊಡುವುದು ನಾಲ್ಕೇ ಮಾತು: ನಿನ್ನ ಮೇಲೆ ಪ್ರೀತಿಯಿದೆ, ನಿನಗೆ ಕೃತಜ್ಞ, ನಿನ್ನನ್ನು ಕ್ಷಮಿಸಿದ್ದೇನೆ, ನನ್ನನ್ನು ಕ್ಷಮಿಸು. ನಮ್ಮಲ್ಲಿ ಹೀಗೆ ನಳಿಗೆ ತೆಗೆಯುವುದು ಕಾನೂನಿನ ಮಾತಾದದ್ದು ಹೇಗೆಂದು ನೆನೆದರೆ ನನ್ನ ಗಂಟಲು ಕಟ್ಟುತ್ತದೆ. ನಮ್ಮ ಹೊನ್ನಾವರ ಸೀಮೆಯ ಹಳದೀಪುರದಿಂದ ಮುಂಬಯಿಗೆ ಬಂದು ಕೆಇಎಮ್ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗ 1973ರ ನವೆಂಬರಿನಲ್ಲಿ ಹಲ್ಲೆಗೊಳಗಾಗಿ ಪ್ರಜ್ಞೆಯಿಲ್ಲದ ಸ್ಥಿತಿಗೆ ಹೋದರು. 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಆ ಆಸ್ಪತ್ರೆಯ ನರ್ಸುಗಳು ಒಬ್ಬರ ನಂತರ ಒಬ್ಬರು ಅವರಿಗೆ ಉಣಿಸಿದರು, ಮಗ್ಗುಲು ತಿರುಗಿಸಿದರು. ಅವರ ಪ್ರಕರಣದಲ್ಲೇ 2011ರಲ್ಲಿ ಸುಪ್ರೀಂ ಕೋರ್ಟು, ಕೆಲವು ಸಂದರ್ಭಗಳಲ್ಲಿ ಜೀವ ಹಿಡಿದಿಡುವ ಉಪಕರಣ ತೆಗೆಯಬಹುದು ಎಂದು ಮೊದಲ ಸಲ ಹೇಳಿತು. ಅರುಣಾ ಬಾಳಲಿ ಎಂದು ನರ್ಸುಗಳು ಬಯಸಿದ್ದರಿಂದ ಅವರ ವಿಷಯದಲ್ಲಿ ಒಪ್ಪಿಗೆ ಕೊಡಲಿಲ್ಲ. 2018ರಲ್ಲಿ ನಾವು ಸ್ಪೆನ್ಸರರ ಹಾಗೆ ಮೊದಲೇ ಬರೆದಿಡುವ ಹಕ್ಕನ್ನು ಕೋರ್ಟು ಮಾನ್ಯ ಮಾಡಿತು, 2023ರಲ್ಲಿ ಅದರ ವಿಧಾನವನ್ನು ಸುಲಭ ಮಾಡಿತು.

ಮಗಳ ಮುಂದಿನ ರಜೆಗೆ ಹೀಗೆ ಮಾಡಿ. ಎಮರ್ಜೆನ್ಸಿ ಡ್ಯೂಟಿ ಮುಗಿಸಿ ಬಂದ ದಿನ ಬೇಡ, ಆ ದಿನ ಅವಳು ಮಲಗಲಿ. ಮಾರನೆಯ ದಿನ ಊಟವಾದ ಮೇಲೆ ಮೊದಲು ‘ಲವ್ಸ್ ಲೇಬರ್ ಲಾಸ್ಟ್’ ಹಾಕಿ. ಅವಳು ಔಷಧಿಯ ತಪ್ಪು ಹಿಡಿಯಲಿ, ಬಿಡಿ. ಕೊನೆಯ ಹತ್ತು ನಿಮಿಷಕ್ಕೆ ಸುಮ್ಮನಾಗುತ್ತಾಳೆ. ಆಮೇಲೆ ‘ಮ್ಯಾಶ್’ನ ಗಡಿಯಾರದ ಕಂತು, ಅರ್ಧ ಗಂಟೆಯೂ ಇಲ್ಲ. ‘ದಿ ಪಿಟ್’ನ ಮೊದಲ ನಾಲ್ಕು ಗಂಟೆಯನ್ನು ಇನ್ನೊಂದು ದಿನಕ್ಕೆ ಇಡಿ, ಸ್ಪೆನ್ಸರರ ಕತೆ ಬರುವಾಗ ಮಾವನವರ ಆ ರಾತ್ರಿಯ ಬಗ್ಗೆ ಅವಳಿಗೆ ಹೇಳಿ. ಆಗ ಅವಳು ಶಾಲೆಯ ಹುಡುಗಿ, ನೀವು ಅವಳಿಂದ ಮುಚ್ಚಿಟ್ಟಿರಬಹುದು. ಗೆರೆ ನೇರವಿದ್ದಾಗ ಏನು ಮಾಡುತ್ತಾರೆ ಎಂದು ನನಗಿಂತ ಚೆನ್ನಾಗಿ ಅವಳು ಬಿಡಿಸಿ ಹೇಳಬಲ್ಲಳು, ಅವಳದು ಹೊಸ ಪಾಠ. ಹಾಗೇ ಒಂದು ಗಟ್ಟಿ ದಿಂಬು ತಂದು ನೆಲದ ಮೇಲಿಟ್ಟು ಎದೆ ಒತ್ತುವುದನ್ನು ಅವಳಿಂದ ಕಲಿತುಕೊಳ್ಳಿ: ಮೊಣಕೈ ನೇರ, ಐದರಿಂದ ಆರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120.